ನ್ಯಾರಿ ಮೂರು

ಎಲ್ಲ ಕೆಟ್ಟದ್ದು ಪೀರಸಾಬನ ಬಾಯೊಳಗಿದ್ದ ಎಲೆ ಅಡಿಕೆಯಿಂದ.

ಆಳಂದದ ಬಜಾರಿನ ಒಂದು ಸಂದಿಯಲ್ಲಿ ಪೀರಸಾಬನ ಜಡಿಬೂಟಿ ಅಂಗಡಿ. ಸೋಮವಾರ ಸಂಜೆ ಚಂದ್ರಾಮ ಅಲ್ಲಿಗೆ ಹೋದಾಗ ಪೀರಸಾಬ ಆಗಷ್ಟೇ ಎಲೆ ಹಾಕಿಕೊಂಡಿದ್ದ. ಉಗುಳಿದರೆ ಎಲೆ ಹಾಳು, ಮಾತಾಡಿದರೆ ಅಂಗಿ ಹಾಳು. ಹಾಗಾಗಿ ಗದ್ದ ಮೇಲೆತ್ತಿ, ಆಕಾಶ ನೋಡುತ್ತಲೇ ಎರಡು ಹಿಡಿ ಮಧುನಾಶಿನಿ ಎಲೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ.

"ಶುಗರ್‌ಕ ಇದರಂಥಾದ್ದು ಬ್ಯಾರೆ ಇಲ್ಲ. ನಾಕು ಎಲಿ ಅಗದು ನುಂಗು. ನ್ಹಾರ್ ಮೂ."

ಚಂದ್ರಾಮನ ಕಿವಿಗೆ ಅದು 'ನ್ಯಾರಿ ಮೂರು' ಎಂದು ಕೇಳಿಸಿತು. ನ್ಯಾರಿ ಅಂದರೆ ಮುಂಜಾನೆಯ ತಿಂಡಿ, ಅದು ಕೂಸಿಗೂ ಗೊತ್ತು. ಆದರೆ ಮೂರು ಯಾಕೆ?

"ಮೂರಾ?" ಎಂದು ಕೇಳಿದ.

"ಹೌ. ಮೂ, ಮೂ," ಎಂದು ಪೀರಸಾಬ ತಲೆಯಾಡಿಸಿದ. ಅಷ್ಟರಲ್ಲಿ ಒಂದು ಕೆಂಪು ಹನಿ ಗದ್ದಕ್ಕೆ ಇಳಿಯಿತು, ಅವನು ಒಳಗೆ ಓಡಿದ.

ಚಂದ್ರಾಮನಿಗೆ ಉರ್ದು ಬರುತ್ತಿರಲಿಲ್ಲ ಎಂದೇನಲ್ಲ. ಬೈಗುಳ ಅಷ್ಟೂ ಬರುತ್ತಿತ್ತು. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕೂಗುವ 'ಆನೇ ದೋ' ಬರುತ್ತಿತ್ತು. ಔಷಧದ ಉರ್ದು ಮಾತ್ರ ಇನ್ನೂ ಕಲಿತಿರಲಿಲ್ಲ.

ಅವನು ಆಳಂದದಲ್ಲಿದ್ದ ದೌಲತರಾಯರ ಇಂಗ್ಲಿಷ್ ಮೀಡಿಯಂ ಸ್ಕೂಲಿನ ಡ್ರೈವರ್. ಹಳದಿ ಬಸ್ಸು ರಾತ್ರಿಯೆಲ್ಲ ನರೋಣಾದ ಅವನ ಮನೆಯ ಮುಂದೆಯೇ ನಿಂತಿರುತ್ತಿತ್ತು. ಹದಿನಾಲ್ಕು ವರ್ಷದಿಂದ ಊರಿನವರು ಅವನ ಮನೆಗೆ ದಾರಿ ಹೇಳುವಾಗ 'ಬಸ್ ನಿಂತದಲ್ಲ, ಅದೇ ಮನಿ' ಎನ್ನುತ್ತಿದ್ದರು. ಹೋದ ತಿಂಗಳು ದೌಲತರಾಯರು ಎಲ್ಲ ಡ್ರೈವರುಗಳ ರಕ್ತ ತಪಾಸಣೆ ಮಾಡಿಸಿದರು. ಚಂದ್ರಾಮನ ಶುಗರ್ ಇನ್ನೂರಾ ತೊಂಬತ್ತು ದಾಟಿತ್ತು.

"ಒಂದು ತಿಂಗಳ ಟೈಮ್ ಕೊಡ್ತೇನಿ," ಎಂದಿದ್ದರು ದೌಲತರಾಯರು. "ಡಾಕ್ಟರ್ ಕೊಟ್ಟ ಗುಳಿಗಿ ದಿನಾ ನುಂಗು. ಇನ್ನೂರರ ಕೆಳಗ ಬಂದ್ರ ಬಸ್. ಇಲ್ಲಂದ್ರ ವಾಚ್‌ಮನ್ ಜಾಗಾ ಖಾಲಿ ಅದ, ಗೇಟಿಗಿ ನಿಲ್ಲು."

ಗುಳಿಗೆಯನ್ನು ತಪ್ಪದೆ ನುಂಗುತ್ತೇನೆಂದು ಚಂದ್ರಾಮ ಕಾಗದದ ಮೇಲೆ ಬರೆದು ಸಹಿಯನ್ನೂ ಮಾಡಿ ಬಂದಿದ್ದ. ಎರಡು ದಿನ ನುಂಗಿ ನೋಡಿ, 'ಇದು ನನ್ನ ಮೈಗೆ ಹತ್ತಂಗಿಲ್ಲ' ಎಂದು ಡಬ್ಬಿಯನ್ನು ಗೂಡಿನಲ್ಲಿ ಇಟ್ಟುಬಿಟ್ಟ. ಹೆಂಡತಿ ಗೌರಾಬಾಯಿ ಒಂದು ವಾರ ಜಗಳವಾಡಿ ಸುಮ್ಮನಾದಳು. ನೋಡನೋಡುತ್ತಿದ್ದಂತೆ ತಿಂಗಳು ತುಂಬಿತು. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಮರು ತಪಾಸಣೆ. ಸೋಮವಾರ ಸಂಜೆ ಪೀರಸಾಬನ ನೆನಪಾಯಿತು.

ಮಂಗಳವಾರ ಮುಂಜಾನೆ ಏಳಕ್ಕೆ ಮೊದಲ ನ್ಯಾರಿ ಮನೆಯಲ್ಲೇ ಆಯಿತು. ಎರಡು ಜೋಳದ ರೊಟ್ಟಿ, ಜುಣಕ, ಅಗಸಿ ಹಿಂಡಿ ಎಂಬ ಚಟ್ನಿಪುಡಿ. ಆ ಹಿಂಡಿಯನ್ನು ಗೌರಾಬಾಯಿ ಅವನೊಬ್ಬನಿಗಾಗಿಯೇ ಬೇರೆ ಕುಟ್ಟುತ್ತಿದ್ದಳು. ತುಸು ಕಹಿ, ಆದರೂ ರುಚಿ.

"ಹಿಂಡಿ ಪೂರಾ ತಿನ್ರಿ, ಉಳಸಬ್ಯಾಡ್ರಿ," ಎಂದಳು ಗೌರಾಬಾಯಿ. "ಡಬ್ಬ್ಯಾಗೂ ಹಾಕೇನಿ. ಮತ್ತ ಅದು ರುಚಿ ಅದಂತ ಮಂದಿಗಿ ಹಂಚಬ್ಯಾಡ್ರಿ."

ಎರಡನೆಯ ನ್ಯಾರಿ ಕಡಗಂಚಿಯಲ್ಲಿ. ಮಕ್ಕಳನ್ನು ಹತ್ತಿಸಿಕೊಳ್ಳಲು ಬಸ್ ನಿಲ್ಲಿಸಿದವನು ಎದುರಿನ ಹೋಟೆಲಿಗೆ ಹೊಕ್ಕು ಒಂದು ಪ್ಲೇಟ್ ಸುಸಲಾ, ನಾಲ್ಕು ಮಿರ್ಚಿ ಭಜಿ ಹೇಳಿದ. ಬಸ್ಸಿನೊಳಗೆ ನಲವತ್ತು ಮಕ್ಕಳು ಕಿಟಕಿಗೆ ಮೂಗು ಒತ್ತಿ ಅವನು ತಿನ್ನುವುದನ್ನೇ ನೋಡುತ್ತಿದ್ದರು. ಬಸ್ಸಿನ ಆಯಾ ನಜಮುನ್ನಿಸಾ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದಳು.

ಮೂರನೆಯದಕ್ಕೆ ಹೊಟ್ಟೆಯಲ್ಲಿ ಜಾಗ ಇರಲಿಲ್ಲ. ಆದರೆ ಔಷಧ ಅಂದಮೇಲೆ ಪಥ್ಯ. ಮಕ್ಕಳನ್ನು ಸ್ಕೂಲಿನಲ್ಲಿ ಇಳಿಸಿ ಎದುರಿನ ಚಹಾದಂಗಡಿಯಲ್ಲಿ ಕುಳಿತ. ಉಪ್ಪಿಟ್ಟನ್ನು ಒಂದೊಂದೇ ಚಮಚೆ ಒಳಗೆ ತಳ್ಳಿ, ಮೇಲೆ ನಾಲ್ಕು ಎಲೆ ಅಗಿದು ನುಂಗಿದ. ಒಂಬತ್ತು ತಿಂಗಳ ಬಸುರಿಯ ಹಾಗೆ ಬೆನ್ನು ಹಿಂದಕ್ಕೆ ಚಾಚಿ ಕುಳಿತವನನ್ನು ನೋಡಿ ನಜಮುನ್ನಿಸಾ ಬಂದಳು.

"ಚಂದ್ರಾಮಣ್ಣ, ಶುಗರ್ ಪರೀಕ್ಷಾ ದಿನಾ ಹಿಂಗ ತಿನ್ನಾಕತ್ತೀಯಲ್ಲ, ಏನ್ ಜೀವಾ ಬೇಜಾರಾಗ್ಯದೇನು?"

"ಆಪಾ, ಖುಷಿಲಿಂದ ತಿನ್ನಾಕತ್ತಿಲ್ಲ. ಇದು ಔಷಧದ ಲೆಕ್ಕ. ಪೀರಸಾಬ ನ್ಯಾರಿ ಮೂರು ಅಂತ ಹೇಳ್ಯಾನ. ಇದು ಮೂರನೇದು."

ನಜಮುನ್ನಿಸಾ ಅವನ ಎದುರು ಕುಳಿತಳು. "ನ್ಹಾರ್ ಮೂ ಅಂದಿರ್ಬೇಕು."

"ಅದೇ. ನ್ಯಾರಿ ಮೂರು."

"ನ್ಹಾರ್ ಮೂ ಅಂದ್ರ ಖಾಲಿ ಬಾಯಿ. ಮುಂಜಾನಿ ಎದ್ದು ನೀರು ಬಿಟ್ಟು ಏನೂ ಬಾಯಾಗ ಹಾಕದ ಔಷಧ ತಗೋಬೇಕು ಅಂತ. ನೀ ಅದರ ಉಲ್ಟಾ ಮೂರು ಮಾಡಿ ಬಿಟ್ಟಿ."

ಚಂದ್ರಾಮ ಪೀರಸಾಬನಿಗೆ ಫೋನ್ ಹಚ್ಚಿದ. ಈ ಸಲ ಅವನ ಬಾಯಿ ಖಾಲಿ ಇತ್ತು, ಮಾತು ಗಾಜಿನ ಹಾಗೆ ಸ್ಪಷ್ಟ.

"ಮೂರು ನ್ಯಾರಿ ಮ್ಯಾಲ ಎಲಿ ತಿಂದ್ರ ಅದು ಮೈಗೆ ಹ್ಯಾಂಗ ಹತ್ತಬೇಕು ಮಾರಾಯಾ? ನೀ ಡ್ರೈವರ್ ಇದ್ದಿ, ನಿನಗ ತಿಳಿಬೇಕು. ಸೀಟು ಭರ್ತಿ ಆದ ಬಸ್ಸಿಗಿ ನನ್ನ ಔಷಧ ಕೊನಿಗಿ ಬಂದದ. ಫುಟ್‌ಬೋರ್ಡ್ ಮ್ಯಾಲ ನಿಂತದ ಅದು. ಮುಂದಿನ ಸ್ಟಾಪಿನಾಗ ಇಳದು ಹೋಗ್ತದ."

"ಮತ್ತ ಈಗೇನ್ ಮಾಡ್ಲಿ?"

"ಹತ್ತಸು. ಹ್ಯಾಂಗರೆ ಮಾಡಿ ಹತ್ತಸು," ಎಂದು ಪೀರಸಾಬ ಗಿರಾಕಿ ಬಂದನೆಂದು ಫೋನ್ ಇಟ್ಟ.

ಹತ್ತಿಸುವುದು ಹೇಗೆ ಎಂಬ ಪ್ರಶ್ನೆ ಸ್ಕೂಲಿನ ಒಳಗೆ ಬರಲು ಐದು ನಿಮಿಷ ಸಾಕಾಯಿತು. ಉತ್ತರ ಎಲ್ಲರ ಹತ್ತಿರವೂ ಇತ್ತು.

ಮೊದಲನೆಯವಳು ನಜಮುನ್ನಿಸಾ. "ನಮ್ಮಜ್ಜಿ ಯಾವ ಜಡಿಬೂಟಿನೂ ತುಪ್ಪ ಇಲ್ಲದ ಕೊಡ್ತಿದ್ದಿಲ್ಲ. ಎಣ್ಣಿ ಕಾಣದ ಬಾಗಿಲಾ ತೆರಿತದೇನು? ತುಪ್ಪ ಹಾಕಿದ್ರ ಔಷಧ ಜರ್ರನೆ ಒಳಗ ಹೋಗ್ತದ." ತನ್ನ ಡಬ್ಬಿಯ ಖಿಚಡಿಯ ಮೇಲಿದ್ದ ತುಪ್ಪವನ್ನು ಚಮಚೆಯಲ್ಲಿ ಬಳಿದು ಕೊಟ್ಟಳು. ನಾಲ್ಕು ಎಲೆ, ಮೇಲೆ ತುಪ್ಪ. ಜರ್ರನೆ ಒಳಗೆ ಹೋದದ್ದು ಅಷ್ಟೇ ಜರ್ರನೆ ಹೊರಗೆ ಬರುವ ಹಾಗಾಯಿತು. ಚಂದ್ರಾಮ ಮೂಗು ಹಿಡಿದು, ಬೇವಿನ ಗಿಡಕ್ಕೆ ಒರಗಿ, ಹೇಗೋ ತಡೆದುಕೊಂಡ.

ಎರಡನೆಯವರು ವಿಜ್ಞಾನದ ಮಾಸ್ತರು ಮಹೇಶಕುಮಾರ. ಕಡಗಂಚಿಯ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಎಂಎಸ್ಸಿ ಓದಿ ಬಂದವರು. ಕಾರಣ ಇಲ್ಲದೆ ಅವರು ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ.

"ತುಪ್ಪ ತಪ್ಪಲ್ಲ, ಆದ್ರ ಸಾಲಂಗಿಲ್ಲ," ಎಂದರು. "ಔಷಧ ಹೊಟ್ಟಿಯೊಳಗ ಹೋದ ಕೂಡಲೆ ಮೈಗೆ ಹತ್ತತದಂತ ತಿಳದೀರೇನು? ನಡುವ ಲಿವರ್ ಅದ. ಲಿವರ್ ಅಂದ್ರ ಚೆಕ್‌ಪೋಸ್ಟ್. ಹೊಸಾದ್ದು ಏನ್ ಬಂದ್ರೂ ತಡದು, ಬಿಚ್ಚಿ, ಅರ್ಧ ಮುರದು ಹೊರಗ ಒಗಿತದ."

ಚೆಕ್‌ಪೋಸ್ಟ್ ಎಂದದ್ದು ಚಂದ್ರಾಮನಿಗೆ ಪಕ್ಕಾ ತಿಳಿಯಿತು. "ಮತ್ತ ದಾಟೋದು ಹ್ಯಾಂಗ್ರಿ ಸರ್?"

"ಕರಿಮೆಣಸು. ಅರಿಶಿಣದ ಜೋಡಿ ಕರಿಮೆಣಸು ಕೊಟ್ರ ಅದು ಮೈಗೆ ಹತ್ತೋದು ಎಷ್ಟೋ ಪಟ್ಟು ಹೆಚ್ಚಾಗ್ತದಂತ ಪ್ರಯೋಗ ಮಾಡಿ ನೋಡ್ಯಾರ. ಮೆಣಸು ಹೋಗಿ ಚೆಕ್‌ಪೋಸ್ಟ್ ಸಾಹೇಬನ ಕಣ್ಣಾಗ ಖಾರ ಒಗಿತದ. ಅಂವ ಕಣ್ಣು ತಿಕ್ಕೋತ ಕುಂತಾಗ ನಿಮ್ಮ ಗಾಡಿ ಪಾರು."

"ಅದು ಅರಿಶಿಣಕ್ಕಲ್ರಿ? ನಂದು ಮಧುನಾಶಿನಿ ಅದ."

"ಯಾವ ಗಾಡಿ ಬಂದ್ರೂ ತಡಿಯೋ ಸಾಹೇಬ ಅಂವನೇ ಅಲ್ಲೇನ್ರಿ," ಎಂದರು ಮಹೇಶಕುಮಾರ.

"ಎಷ್ಟು ಕಾಳು?"

"ಹತ್ತಬೇಕಂದ್ರ ಹತ್ತು."

ನಾಲ್ಕು ಎಲೆಯ ಜೊತೆ ಹತ್ತು ಕಾಳು ಅಗಿದ ಮೇಲೆ ಚೆಕ್‌ಪೋಸ್ಟ್ ಸಾಹೇಬನ ಕಣ್ಣಿನ ಸುದ್ದಿ ಗೊತ್ತಿಲ್ಲ, ಚಂದ್ರಾಮನ ಕಣ್ಣು, ಮೂಗು, ಕಿವಿ ಮೂರೂ ಹರಿದವು. ಅದು ರಕ್ತದಲ್ಲಿ ಹರಡಲಿ ಎಂದು ಮಹೇಶಕುಮಾರ ಮೈದಾನದಲ್ಲಿ ಎಂಟು ಸುತ್ತು ನಡೆಯಲು ಹೇಳಿದರು. ಎಂಟನೆಯ ಬಿ ವಿಭಾಗದವರು ಕಿಟಕಿಯಿಂದ ಸುತ್ತು ಎಣಿಸಿದರು. ಐದನೆಯ ಸುತ್ತಿಗೆ ಚಪ್ಪಾಳೆ ಶುರುವಾಯಿತು. ಒಬ್ಬ ಹುಡುಗಿ 'ಕಮಾನ್ ಅಂಕಲ್' ಎಂದಳು.

ಮಧ್ಯಾಹ್ನ ಊಟಕ್ಕೆ ಏನೂ ಸೇರಲಿಲ್ಲ. ಆದರೂ ಡಬ್ಬಿ ತೆರೆದು ಹೆಂಡತಿಗೆ ಹೆದರಿ ಒಂದು ರೊಟ್ಟಿಯಲ್ಲಿ ಹಿಂಡಿ ಅಷ್ಟೂ ತಿಂದ.

ಮೂರು ಗಂಟೆಗೆ ಸ್ಕೂಲಿನ ಅಡುಗೆಯ ರಮಾಬಾಯಿ ಕರೆದಳು. ಇಷ್ಟು ಹೊತ್ತು ತನ್ನನ್ನು ಯಾರೂ ಕೇಳಲಿಲ್ಲ ಎಂಬ ಸಿಟ್ಟು ಅವಳಿಗೆ ಮೊದಲೇ ಇತ್ತು.

"ತುಪ್ಪ ಅಂತ, ಮೆಣಸು ಅಂತ. ಜೇನುತುಪ್ಪದ ಹೆಸರು ಒಬ್ಬರರೆ ತಗೊಂಡ್ರೇನು? ಔಷಧಕ್ಕ ಜೇನು ಅಂದ್ರ ಕುದುರಿ ಇದ್ದಂಗ. ಮ್ಯಾಲ ಕುಂತು ಹೋಗ್ತದ."

"ಬಾಯಿ, ನನಗ ಶುಗರ್ ಅದ. ಜೇನು ಸೀ ಅಲ್ಲೇನು?"

"ಸಕ್ರಿ ಸೀ. ಜೇನು ಔಷಧ," ಎಂದು ರಮಾಬಾಯಿ ತೀರ್ಪು ಕೊಟ್ಟಳು. ಗಾಣಗಾಪುರಕ್ಕೆ ಹೋದಾಗ ತಂದಿದ್ದ ಜೇನಿನ ಬಾಟಲಿಯನ್ನು ಒಂದು ಬಟ್ಟಲಿಗೆ ಬಗ್ಗಿಸಿದಳು. ಚಂದ್ರಾಮ ಮತ್ತೆ ನಾಲ್ಕು ಎಲೆ ಅಗಿದು ನುಂಗಿ, ಜೇನಿನಲ್ಲಿ ಬೆರಳ ತುದಿ ಅದ್ದಿ ನಾಲಗೆಗೆ ಇಟ್ಟ. ಮುಖ ಗಂಟು ಹಾಕಿದ.

"ಯಾವ ಅಂಗಡ್ಯಾಗ ತಂದಿ? ಇದು ಜೇನಲ್ಲ. ಸಪ್ಪನ ಅಂಟು."

ರಮಾಬಾಯಿಗೆ ಯಾರಾದರೂ ಸಾರಿನಲ್ಲಿ ಉಪ್ಪಿಲ್ಲ ಅಂದರೇ ಎರಡು ದಿನ ಮಾತು ಬಿಡುವ ಸ್ವಭಾವ. ಇದು ಗಾಣಗಾಪುರದ ಜೇನು. "ಏನಂದ್ರಿ? ದೇವರ ಊರಿಂದ ತಂದದ್ದು ಖೊಟ್ಟಿ ಅಂತೀರೇನು?" ಎಂದವಳೇ ಅವನ ಕೈ ಹಿಡಿದು ಬೆರಳನ್ನು ಬುಡದ ತನಕ ಬಟ್ಟಲಿಗೆ ಒತ್ತಿದಳು. "ಈಗ ನೋಡ್ರಿ."

ನೋಡಿದ. ಸಪ್ಪಗೇ ಇತ್ತು. ಅವಳು ಬೆಲ್ಲದ ಹರಳು ತಂದು ಬಾಯಿಗೆ ಹಾಕಿದಳು. ಅದು ಉಸುಕು ಅಗಿದ ಹಾಗಾಯಿತು. "ನಿನ್ನ ಅಡುಗಿಮನ್ಯಾಗ ಸೀ ಅನ್ನೋದೇ ಇಲ್ಲ ಬಾಯಿ," ಎಂದು ಬೆಲ್ಲವನ್ನು ಕಿಟಕಿಯಿಂದ ಉಗಿದ. ರಮಾಬಾಯಿ ಲಟ್ಟಣಿಗೆಗೆ ಕೈ ಚಾಚುವಷ್ಟರಲ್ಲಿ ಗಂಟೆ ಹೊಡೆಯಿತು. ಮೂರೂವರೆ.

ಆಫೀಸಿನಲ್ಲಿ ದೌಲತರಾಯರು ಕುರ್ಚಿಯಲ್ಲಿ ಕುಳಿತಿದ್ದರು. ನರ್ಸ್ ಫರಹೀನ ಮೇಜಿನ ಮೇಲೆ ಶುಗರ್ ನೋಡುವ ಪುಟ್ಟ ಯಂತ್ರ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ನಜಮುನ್ನಿಸಾ, ಮಹೇಶಕುಮಾರ, ಅವರ ಹಿಂದೆ ಲಟ್ಟಣಿಗೆ ಸಮೇತ ರಮಾಬಾಯಿ. ಔಷಧವನ್ನು ಯಾರು ಹತ್ತಿಸಿದರು ಎಂಬುದು ಈಗ ಮೂವರ ಮರ್ಯಾದೆಯ ಪ್ರಶ್ನೆಯಾಗಿತ್ತು.

"ಕೈ ಸ್ವಚ್ಛ ಅವೇನ್ರಿ?" ಎಂದಳು ಫರಹೀನ.

ಬೆರಳು ತುಸು ಅಂಟುತ್ತಿತ್ತು. ಚಂದ್ರಾಮ ಅದನ್ನು ಬಾಯಿಗಿಟ್ಟು ನೆಕ್ಕಿ ನೋಡಿದ. ಏನೂ ರುಚಿ ಇಲ್ಲ. "ಸ್ವಚ್ಛ ಅದರಿ," ಎಂದು ಅದೇ ಬೆರಳು ಚಾಚಿದ.

ಸೂಜಿ ಚುಚ್ಚಿತು. ಹನಿ ಬಂತು. ಯಂತ್ರ ಐದು ಎಣಿಸಿ ಎರಡು ಇಂಗ್ಲಿಷ್ ಅಕ್ಷರ ತೋರಿಸಿತು: ಎಚ್, ಐ.

ಇಂಗ್ಲಿಷ್ ಮೀಡಿಯಂ ಸ್ಕೂಲಿನ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಕಳೆದವನಿಗೆ ಅಷ್ಟು ಓದಲು ಬರುತ್ತಿತ್ತು. ದಿನಕ್ಕೆ ನಲವತ್ತು ಮಕ್ಕಳು ಅವನಿಗೆ ಅದನ್ನೇ ಹೇಳಿ ಬಸ್ ಹತ್ತುತ್ತಿದ್ದರು. ಚಂದ್ರಾಮನ ಮುಖ ಅರಳಿತು. "ನೋಡ್ರಿ ಸಾವ್ಕಾರ್ರ, ಮಷೀನ್ ಹಾಯ್ ಅನ್ನಾಕತ್ತದ."

"ಅದು ಹಾಯ್ ಅಲ್ರಿ," ಎಂದಳು ಫರಹೀನ, ಧ್ವನಿ ಇಳಿಸಿ. "ಹೈ. ಆರನೂರರ ಮ್ಯಾಲ ಹೋದ್ರ ಮಷೀನಿಗಿ ಎಣಸಾಕ ಬರಂಗಿಲ್ಲ. ನಿಮಗ ಚಕ್ಕರ್ ಬರಾಕತ್ತದೇನು? ಕುಂದರ್ರಿ ಮೊದ್ಲು."

ದೌಲತರಾಯರು ಎದ್ದು ನಿಂತರು. "ಆರನೂರು? ಬಸ್ಸಿನ ಕೀಲಿ ಇಲ್ಲಿ ಇಡು. ಆಂಬುಲೆನ್ಸ್ ಕರೀರಿ."

ಚಂದ್ರಾಮನ ಕಣ್ಣ ಮುಂದೆ ಗೇಟು ಬಂದು ನಿಂತಿತು. ಕಿಸೆಯಿಂದ ಕೀಲಿ ತೆಗೆಯಲು ಹೋದರೆ ಅದು ಬೆರಳಿಗೆ ಅಂಟಿಕೊಂಡು ಕೆಳಗೆ ಬೀಳಲೊಲ್ಲದು. ಕೈ ಜಾಡಿಸಿದ. ಕೀಲಿ ಜೋತಾಡಿತು. ಫರಹೀನ ಅದನ್ನೇ ನೋಡಿ, ಅವನ ಬೆರಳನ್ನು ಮೂಗಿನ ಹತ್ತಿರ ತಂದಳು.

"ಇದಕ್ಕ ಏನ್ ಹಚ್ಕೊಂಡೀರಿ?"

"ಗಾಣಗಾಪುರದ ಜೇನು," ಎಂದಳು ಬಾಗಿಲಿನಿಂದ ರಮಾಬಾಯಿ. "ಖೊಟ್ಟಿ ಅಂದ್ರಲ್ಲ, ಈಗ ಮಷೀನ್ ಏನ್ ಅಂತದ ಕೇಳ್ರಿ."

ಮಹೇಶಕುಮಾರ ಹಣೆ ಬಡಿದುಕೊಂಡರು. "ಮಧುನಾಶಿನಿ ಅಗದ್ರ ಅರ್ಧ ತಾಸು ನಾಲಗಿಗಿ ಸೀ ಗೊತ್ತಾಗಂಗಿಲ್ಲ. ಇದನ್ನ ನಾ ಆಗಲೇ ಹೇಳ್ಬೇಕಾಗಿತ್ತು."

"ಈಗ ಹೇಳಿದ್ರಲ್ಲ, ಭಾಳ ಉಪಕಾರ ಆತು," ಎಂದ ಚಂದ್ರಾಮ.

ಫರಹೀನ ಅವನನ್ನು ನಳದ ಹತ್ತಿರ ಕರೆದೊಯ್ದು ಸಾಬೂನು ಹಚ್ಚಿ ಎರಡು ಸಲ ತೊಳೆಸಿದಳು. ಒರೆಸಿ, ಬೇರೆ ಕೈಯ ಬೇರೆ ಬೆರಳು ಚುಚ್ಚಿದಳು. ಯಂತ್ರ ಐದು ಎಣಿಸುವಾಗ ಬಾಗಿಲಲ್ಲಿದ್ದ ಮೂವರೂ ಕತ್ತು ಚಾಚಿದರು.

ನೂರಾ ನಲವತ್ತೆಂಟು.

ಫರಹೀನ ಇನ್ನೊಮ್ಮೆ ನೋಡಿದಳು. ನೂರಾ ಐವತ್ತು. ಚಂದ್ರಾಮ ಕೀಲಿಯನ್ನು ತೊಳೆದು, ಒರೆಸಿ, ಕಿಸೆಯಲ್ಲಿ ಇಟ್ಟುಕೊಂಡ. ಹದಿನಾಲ್ಕು ವರ್ಷದಲ್ಲಿ ಅದು ಅಷ್ಟು ಹಗುರ ಎನಿಸಿರಲಿಲ್ಲ.

"ನಿಲ್ಲು," ಎಂದರು ದೌಲತರಾಯರು. ಅವರ ಮುಖದಲ್ಲಿ ಬೇರೇನೋ ಇತ್ತು. "ಈಗ ಹತ್ತು ನಿಮಿಷದ ಹಿಂದ ನಾನೂ ತೋರಿಸ್ಕೊಂಡೇನಿ. ಎರಡು ಥರದ ಗುಳಿಗಿ ನುಂಗಿ ನಂದು ಇನ್ನೂರಾ ಎಂಬತ್ತು. ಮೂರು ಸಲ ನ್ಯಾರಿ ಮಾಡಿದವಂದು ನೂರೈವತ್ತು ಹ್ಯಾಂಗ ಬಂತು? ಏನ್ ತಿಂದಿ?"

ಚಂದ್ರಾಮ ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಮೂವರೂ ಒಳಗೆ ನುಗ್ಗಿದರು. "ನನ್ನ ತುಪ್ಪ," ಎಂದಳು ನಜಮುನ್ನಿಸಾ. "ತುಪ್ಪ ಅಲ್ರಿ, ಮೆಣಸು. ಅದಕ್ಕ ಕಾರಣ ಅದ," ಎಂದರು ಮಹೇಶಕುಮಾರ. ರಮಾಬಾಯಿ ಲಟ್ಟಣಿಗೆಯಿಂದ ಜೇನಿನ ಬಾಟಲಿಯಿದ್ದ ಅಡುಗೆಮನೆಯ ಕಡೆಗೆ ತೋರಿಸಿದಳು.

ದೌಲತರಾಯರು ಎಲ್ಲವನ್ನೂ ಕೇಳಿ, ಗಲ್ಲ ತಿಕ್ಕಿ, ಒಂದು ತೀರ್ಮಾನಕ್ಕೆ ಬಂದರು. "ಮೂಲ ಎಲಿ. ಉಳದದ್ದೆಲ್ಲ ಮ್ಯಾಲಿನ ಖರ್ಚು. ನಾಳಿಂದ ಗುಳಿಗಿ ಜೋಡಿ ನನಗೂ ಈ ಎಲಿ ಬೇಕು. ಪೀರಸಾಬಗ ಹೇಳಿ ಆ ಬಳ್ಳಿ ತರಸ್ರಿ, ಸ್ಕೂಲಿನಾಗೇ ಹಚ್ಚೂಣು."

"ಬಳ್ಳಿಗಿ ಆಸರ ಬೇಕಾಗ್ತದ್ರಿ," ಎಂದರು ಮಹೇಶಕುಮಾರ. "ಬಿಸಲು ಬೀಳೋ ಜಾಗಾ, ಹತ್ತಾಕ ಕಬ್ಬಿಣದ ಸರಳು..."

"ಗೇಟ್ ಅದಲ್ಲ," ಎಂದರು ದೌಲತರಾಯರು.

ಚಂದ್ರಾಮ ಕೀಲಿಯಿದ್ದ ಕಿಸೆಯ ಮೇಲೆ ಕೈ ಇಟ್ಟುಕೊಂಡ.

"ಆಡು ಬಾಯಿ ಹಾಕ್ತಾವ," ಎಂದಳು ನಜಮುನ್ನಿಸಾ.

"ಆಡಿಗಿಂತ ಮಂದಿ ಹೆಚ್ಚು. ಈ ಸುದ್ದಿ ಹೊರಗ ಬಿದ್ರ ಆಳಂದದವರು ಒಂದು ಎಲಿ ಉಳಸಂಗಿಲ್ಲ. ನಂಬಿಗಸ್ತ ಮನಷ್ಯಾ ಕಾವಲಿರಬೇಕು. ಎಲಿ ಎಷ್ಟು, ತುಪ್ಪ ಎಷ್ಟು ಅಂತ ಗೊತ್ತಿದ್ದವ ಬೇಕು." ದೌಲತರಾಯರು ಎದ್ದು ಬಂದು ಚಂದ್ರಾಮನ ಹೆಗಲ ಮೇಲೆ ಕೈ ಇಟ್ಟರು. "ಬಸ್ ಯಾರರೆ ಹೊಡೀತಾರ. ಈ ಕೆಲಸ ನಿನ್ನ ಬಿಟ್ಟು ಇನ್ನೊಬ್ಬರಿಗಿ ಆಗಂಗಿಲ್ಲ. ಕೀಲಿ ಕೊಡು."

ಅವತ್ತು ಸಂಜೆ ಚಂದ್ರಾಮ ನರೋಣಾಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋದ. ಸೀಟು ಭರ್ತಿಯಾಗಿತ್ತು. ಫುಟ್‌ಬೋರ್ಡಿನ ಮೇಲೆ ನಿಂತ.

ಮನೆಯ ಮುಂದೆ ಬಸ್ಸಿಲ್ಲದೆ ಅಂಗಳ ಬೋಳಿಸಿದ ತಲೆಯ ಹಾಗೆ ಕಾಣುತ್ತಿತ್ತು. ಗೌರಾಬಾಯಿ ಎಲ್ಲ ಕೇಳಿಸಿಕೊಂಡಳು. ಎಲೆ, ತುಪ್ಪ, ಮೆಣಸು, ಜೇನು. ಕೊನೆಗೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಒಂದು ದಿನ ಎಲಿ ತಿಂದ್ರ ನೂರೈವತ್ತಕ್ಕ ಇಳಿತದೇನ್ರಿ? ಮೂರು ವಾರ ಆತು, ನಿಮ್ಮ ಹಿಂಡ್ಯಾಗ ಡಾಕ್ಟರ್ ಗುಳಿಗಿ ಕುಟ್ಟಿ ಹಾಕಾಕತ್ತೇನಿ. ಮುಂಜಾನಿ ಒಂದು, ಡಬ್ಬ್ಯಾಗ ಒಂದು. ಊಟದ ಜೋಡಿ ಕೊಡು ಅಂದಿದ್ರು."

ಚಂದ್ರಾಮ ಗೂಡಿನಲ್ಲಿದ್ದ ಡಬ್ಬಿ ತೆಗೆದು ಅಲುಗಾಡಿಸಿದ. ಎರಡು ಗುಳಿಗೆಯ ಸದ್ದು ಬಂತು.

"ನನಗ ಹೇಳಬಾರದಾಗಿತ್ತೇನು?"

"ಹೇಳಿದ್ರ ನುಂಗ್ತಿದ್ರೇನು? ಒಲ್ಲೆ ಅನ್ನೋ ಎಮ್ಮಿಗಿ ಔಷಧ ಹ್ಯಾಂಗ ಹಾಕಬೇಕಂತ ನಮ್ಮವ್ವ ಕಲಿಸ್ಯಾಳ. ಹಿಂಡ್ಯಾಗ ಹಾಕಿದ್ರ ಎಮ್ಮಿನೂ ತಿಂತದ, ಮೈಗೂ ಹತ್ತತದ."

"ನಾಳಿಗೇ ಹೋಗಿ ಸಾವ್ಕಾರ್ರಿಗಿ ಖರೇ ಹೇಳ್ತೇನಿ. ಎಲಿಲಿಂದ ಅಲ್ರಿ, ಗುಳಿಗಿಲಿಂದ ಇಳದದ, ನನ್ನ ಬಸ್ ಕೊಡ್ರಿ ಅಂತ."

"ಹೇಳ್ರಿ," ಎಂದಳು ಗೌರಾಬಾಯಿ ಒಲೆ ಊದುತ್ತ. "ದಿನಾ ಗುಳಿಗಿ ನುಂಗ್ತೇನಿ ಅಂತ ಬರದು ಸಹಿ ಮಾಡೀರಿ. ನುಂಗಿಲ್ಲ, ಸುಳ್ಳು ಬರದೇನಿ ಅಂತ ಅದನ್ನೂ ಹೇಳ್ರಿ. ಗೇಟರೆ ಉಳಿತದೋ ಇಲ್ಲೋ ನೋಡೂಣು."

ಚಂದ್ರಾಮ ತಾಟು ಎಳೆದುಕೊಂಡ. ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದ.

ಬುಧವಾರ ಮುಂಜಾನೆ ಪೀರಸಾಬ ಕುಂಡದಲ್ಲಿ ಬಳ್ಳಿ ಹಿಡಿದು ಗೇಟಿಗೆ ಬಂದ. ಬಾಯಿ ತುಂಬ ಎಲೆ ಅಡಿಕೆ. ಗದ್ದ ಎತ್ತಿ ಏನೋ ಹೇಳಿದ. ಚಂದ್ರಾಮ, "ಮೊದ್ಲು ಉಗುಳು, ಆಮ್ಯಾಲ ಹೇಳು," ಎಂದು ಕುಂಡ ಕಸಿದುಕೊಂಡ. ಬಳ್ಳಿಯ ತುದಿಯನ್ನು ಸರಳಿಗೆ ದಾರದಿಂದ ಕಟ್ಟುವಾಗ ಹೊರಗೆ ಹಾರ್ನ್ ಕೇಳಿಸಿತು. ಅವನದೇ ಬಸ್ಸಿನ ಹಾರ್ನು. ಹೊಸ ಡ್ರೈವರ್ ಅದನ್ನು ಬೇಕಾದ್ದಕ್ಕಿಂತ ಉದ್ದ ಹೊಡೆಯುತ್ತಿದ್ದ.

ಔಷಧ ಮೈಗೆ ಹತ್ತಿತ್ತು, ಬಳ್ಳಿ ಗೇಟಿಗೆ ಹತ್ತುತ್ತಿತ್ತು, ಬಸ್ಸು ಮಾತ್ರ ಬೇರೆಯವನು ಹತ್ತಿದ್ದ.

ಚಂದ್ರಾಮ ಎದ್ದು ಗೇಟ್ ತೆರೆದ. ಬಸ್ಸು ಒಳಗೆ ಬರುವಾಗ ಕಿಟಕಿಯಿಂದ ಕಡಗಂಚಿಯ ಒಬ್ಬ ಪುಟ್ಟ ಹುಡುಗಿ, ಚಾಕೊಲೇಟ್ ಮೆತ್ತಿದ ಕೈಯನ್ನು ಹೊರಗೆ ಚಾಚಿ ಬೀಸಿದಳು.

"ಹಾಯ್ ಅಂಕಲ್."

"ಮೊದ್ಲು ಕೈ ತೊಳ್ಕೊ," ಎಂದ ಚಂದ್ರಾಮ.